ದೊಡ್ಡಣ್ಣನ ಹೊಟ್ಟೆ ತುಂಬ ನೀರು

ಅತ್ತಿಗೆಯ ಕಾಲುಗಳು ಮಾತ್ರ ಹೊರಗಿದ್ದವು.

ಉಳಿದ ಅತ್ತಿಗೆಯೆಲ್ಲ ಇಂಜಿನ್ನಿನ ಬೆಂಕಿಗೂಡಿನ ಒಳಗೆ. ಕಲ್ಲಿದ್ದಲು ಎಸೆಯುವ ಆ ಮೊಟ್ಟೆಯಾಕಾರದ ಬಾಯಲ್ಲಿ ಮನುಷ್ಯ ನುಸುಳಬಹುದು, ಮರ್ಯಾದೆ ನುಸುಳಲಾರದು. ಅದಕ್ಕೇ ಅವರು ಮರ್ಯಾದೆಯನ್ನು, ಎಂದರೆ ಚಪ್ಪಲಿ, ಕೈಚೀಲ ಮತ್ತು ಕನ್ನಡಕದ ಡಬ್ಬಿಯನ್ನು, ನನ್ನ ಕೈಗೆ ಕೊಟ್ಟು ತಲೆ ಮುಂದಾಗಿ ಒಳಗಿಳಿದಿದ್ದರು.

"ಟಾರ್ಚು," ಎಂದಿತು ಗೂಡು.

"ಅತ್ತಿಗೆ, ಅಣ್ಣ ಕೇಳಿದ್ರೆ ಏನು ಹೇಳ್ಲಿ? ನಿನ್ನ ಹೆಂಡತಿ ಹೊಟ್ಟೆಪಾಡಿಗೆ ಇಂಜಿನ್ ಹೊಟ್ಟೆ ಸೇರಿದಾಳೆ ಅಂತಾನಾ?"

"ನಿಮ್ಮಣ್ಣ ಕೇಳೋದು ಊಟಕ್ಕೇನು ಅಂತ ಮಾತ್ರ. ಟಾರ್ಚು ಕೊಡೋ ಗಿಳಿರಾಯ."

ಕೊಟ್ಟೆ. ಒಳಗಿನಿಂದ ಕಟ್ಟಿಗೆ ಸರಿಸುವ ಸದ್ದು, ಆಮೇಲೆ ಒಂದು ಸೀನು.

ನಿನ್ನೆ ಮಧ್ಯಾಹ್ನ ಸಾಹೇಬರು ಸಿಕ್ಕಿದ್ದು ಇದೇ ಗೂಡಿನಲ್ಲಿ: ಬಾಗಿಲಿಗೆ ಹೊರಗಿನಿಂದ ತಂತಿ ಸುತ್ತಿತ್ತು, ಅವರ ಸುತ್ತ ಎಣ್ಣೆ ಸುರಿದ ಕಟ್ಟಿಗೆ ಒಟ್ಟಿತ್ತು, ಬೆಂಕಿಯೊಂದನ್ನು ಮಾತ್ರ ಹಚ್ಚಿರಲಿಲ್ಲ.

ಸಾಹೇಬರು ಎಂದರೆ ರೈಲ್ವೆಯ ನಿವೃತ್ತ ಮುಖ್ಯ ಇಂಜಿನಿಯರು, ಮ್ಯೂಸಿಯಂ ಸಮಿತಿಯ ಅಧ್ಯಕ್ಷರು. ಮುಂದಿನ ವಾರ ಅವರ ಕೈಯಿಂದಲೇ ಇದರ ಉದ್ಘಾಟನೆ. ಗುಜರಿ ಸೇರಬೇಕಿದ್ದ ಮುದಿ ಇಂಜಿನ್ನುಗಳನ್ನು ಮೂಲೆಮೂಲೆಯ ಹಳಿಗಳಿಂದ ಎಳೆತಂದು, ತುಕ್ಕು ಕೆರೆದು, ಬಣ್ಣ ಬಳಿದು, ಬಾಗಿದ ಬೆನ್ನಿನ ಹಳೆಯ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಉಗಿ ಹೋದ ಬಂಡಿಗಳಿಗೆ ಎಲ್ಲರೂ ಉಗಿಯುತ್ತಿದ್ದ ಕಾಲ ಮುಗಿದಿತ್ತು. ಈಗ ಟಿಕೆಟ್ಟು ತೆಗೆದುಕೊಂಡು ನೋಡುವ ಕಾಲ. ಗುಂಡಿ ಒತ್ತಿದರೆ ಒಂದೊಂದು ಇಂಜಿನ್ನೂ ಸೀಟಿ ಹೊಡೆಯುತ್ತದೆ. ಅಸಲಿ ಸದ್ದಿನ ಧ್ವನಿಮುದ್ರಿಕೆ ಎಲ್ಲೂ ಸಿಗದೆ, ಆ ಸೀಟಿಗಳೆಲ್ಲ ಮಿಮಿಕ್ರಿ ಕಸುಬಿನ ನನ್ನ ಗಂಟಲಿನಿಂದ ಹೊರಟವು. ಸಾಲಿನ ಹಿರಿಯ ಇಂಜಿನ್ನು, ಈಗ ಅತ್ತಿಗೆ ಹೊಕ್ಕಿದ್ದ ಈ ದೊಡ್ಡಣ್ಣನಿಗೆ, ಸೀಟಿ ಕೊಟ್ಟು ನನಗೆ ಎರಡು ದಿನ ಮಾತೇ ಹೊರಟಿರಲಿಲ್ಲ. ಆ ಎರಡು ದಿನ ಮನೆಯಲ್ಲಿ ಶಾಂತಿ ನೆಲೆಸಿತ್ತು ಎಂದು ಅತ್ತಿಗೆ ಇಂದಿಗೂ ಹೇಳುತ್ತಾರೆ.

ಅತ್ತಿಗೆಯದು ವಿಮಾ ಕಂಪನಿಯ ಕೆಲಸ. ಯಂತ್ರಗಳಿಂದಾದ ಅನಾಹುತಗಳ ತನಿಖೆ ಮಾಡುತ್ತಾರೆ. ಮನುಷ್ಯರಿಂದಾದ ಅನಾಹುತಗಳೆಲ್ಲ ಯಂತ್ರದ ಹೆಸರಿನಲ್ಲೇ ಅವರ ಮೇಜಿಗೆ ಬರುವುದರಿಂದ, ಅವರು ಪತ್ತೇದಾರರಾಗದೆ ಗತ್ಯಂತರವಿರಲಿಲ್ಲ.

ಕಾಲುಗಳು ಅಲುಗಿದವು. ಎಳೆದೆ. ಮೂಗಿನಿಂದ ಮೊಣಕೈವರೆಗೆ ಮಸಿಯಾಗಿ ಅತ್ತಿಗೆ ಹೊರಬಂದರು.

"ಅತ್ತಿಗೆ, ಸದ್ಯ ಕನ್ನಡಿ ನೋಡ್ಬೇಡಿ."

"ಸಾಹೇಬರು ಆಸ್ಪತ್ರೇಲಿ ಏನು ಹೇಳಿದ್ರು? ಅವರ ಥರಾನೇ ಹೇಳು. ಒಂದಕ್ಷರ ಬಿಡ್ಬೇಡ."

ಇಂಥದ್ದಕ್ಕೆ ನನ್ನನ್ನು ಎರಡು ಸಲ ಕೇಳಬೇಕಿಲ್ಲ. ಗಲ್ಲ ಒಳಗೆಳೆದುಕೊಂಡೆ, ಮೂಗಿನ ಒಂದು ಹೊಳ್ಳೆ ಮುಚ್ಚಿದೆ, ಸಾಹೇಬನಾದೆ. "ನೋಡೀಮ್ಮಾ. ನಾನೇ ಒಳಗೆ ಹೋದೆ, ಅರ್ಥ ಆಯ್ತಾ. ಪರೀಕ್ಷೆ ಮಾಡೋಕೆ. ಬಾಗಿಲು ತಾನಾಗೇ ಬಿತ್ತು, ಅರ್ಥ ಆಯ್ತಾ. ಗವ್ವೆನ್ನೋ ಕತ್ತಲು. ತಲೆ ಮೇಲೆಲ್ಲ ನೀರು ಓಡಾಡೋ ಸದ್ದು. ಗುಳುಗುಳು, ಗುಳುಗುಳು. ಎಷ್ಟು ಹೊತ್ತೋ. ಆಮೇಲೆ ಬಾಗಿಲು ಇಷ್ಟೇ ಇಷ್ಟು ತೆರೀತು, ಸಲಿಕೆ ಮೇಲೆ ಒಂದೊಂದೇ ಕಟ್ಟಿಗೆ ಬರೋಕೆ ಶುರುವಾಯ್ತು. ಯಾರೂ ಮಾತಾಡ್ಲಿಲ್ಲ. ಕಂಪ್ಲೇಂಟು ಬೇಡ. ಮ್ಯೂಸಿಯಂಗೆ ಕೆಟ್ಟ ಹೆಸರು, ಅರ್ಥ ಆಯ್ತಾ."

"ಬಾಗಿಲು ತಾನಾಗೇ ಬಿತ್ತು. ತಂತಿ ತಾನಾಗೇ ಸುತ್ಕೊಂಡ್ತು. ಕಟ್ಟಿಗೆ ಕಾಲ್ನಡಿಗೇಲಿ ಬಂತು."

"ಸಾಹೇಬರು ರೈಲು ಬಿಡ್ತಿದಾರೆ ಅತ್ತಿಗೆ. ರಿಟೈರಾದ್ರೂ ಅಭ್ಯಾಸ ಹೋಗಿಲ್ಲ."

"ಕಟ್ಟಿಗೆ, ತಂತಿ ನಾವೇ ಕಣ್ಣಾರೆ ನೋಡಿದ್ವಿ. ಆ ನೀರಿನ ಸದ್ದು?"

"ಗಾಬರೀಲಿ ಕಿವಿಗೆ ಹಾಗೆ ಕೇಳ್ಸುತ್ತೆ ಅಂದ್ರಲ್ಲ ಡಾಕ್ಟ್ರು. ಈ ಬಾಯ್ಲರಿನಲ್ಲಿ ನೀರೆಲ್ಲಿಂದ ಬರ್ಬೇಕು? ವರ್ಷಗಳಿಂದ ಒಣಗಿ ಕೂತಿದೆ."

ಅತ್ತಿಗೆ ಚಾಲಕನ ಜಾಗದಲ್ಲಿ ನಿಂತು ಎದುರಿನ ಗಾಜಿನ ಕೊಳವೆಯನ್ನು ತೋರಿಸಿದರು. ಬೆರಳಿನಷ್ಟು ದಪ್ಪದ, ಗೇಣುದ್ದದ ನೇರ ಕೊಳವೆ. ಬಾಯ್ಲರಿನಲ್ಲಿ ನೀರೆಷ್ಟಿದೆ ಎಂದು ಹೇಳುವುದು ಅದೊಂದೇ.

"ಏನು ಕಾಣ್ಸುತ್ತೆ?"

"ಖಾಲಿ."

"ಎಲ್ಲರಿಗೂ ಹಾಗೇ ಕಂಡಿದೆ. ನೀರಿನ ಗೆರೆ ಇದ್ರೆ ತಾನೇ ನೀರು ಅಂತ ಗೊತ್ತಾಗೋದು? ಪೂರ್ತಿ ಬರಿದಾದ್ರೂ ಗೆರೆ ಇಲ್ಲ, ಪೂರ್ತಿ ತುಂಬಿದ್ರೂ ಗೆರೆ ಇಲ್ಲ." ಅವರು ಕೊಳವೆಯ ಬುಡದ ಹಿತ್ತಾಳೆಯ ನಲ್ಲಿ ತಿರುಗಿಸಿದರು.

ಕಂದು ಬಣ್ಣದ ತಣ್ಣೀರು ಚಿಮ್ಮಿ ನನ್ನ ಪಾದದ ಮೇಲೆ ಬಿತ್ತು.

ದೊಡ್ಡಣ್ಣನ ಹೊಟ್ಟೆ ಕಂಠದವರೆಗೆ ತುಂಬಿತ್ತು. ಆ ಬಾಯ್ಲರಿನ ನಡುವೆ, ನೀರಿನೊಳಗೆ ಮುಳುಗಿಸಿಟ್ಟ ಪೆಟ್ಟಿಗೆಯ ಹಾಗೆ ಈ ಬೆಂಕಿಗೂಡು. ಅದರ ಗೋಡೆಯಾಚೆ ನೀರು, ಚಾವಣಿಯ ಮೇಲೂ ನೀರು. ಪೆಟ್ಟಿಗೆಯೊಳಗೆ ಸಾಹೇಬರು ಮಂಡಿ ಮಡಚಿ ಕೂತಿದ್ದಾಗ ಯಾರೋ ಪೈಪು ಜೋಡಿಸಿ ನಿಧಾನವಾಗಿ ತುಂಬಿದ್ದರು. ನೀರು ಏರಿದ್ದನ್ನು ಅವರು ತಲೆಯ ಸುತ್ತಲೂ ಕೇಳಿಸಿಕೊಂಡಿದ್ದರು. ಕೆಳಗೆ ಬೆಂಕಿ ಹಾಕುವ ಮುನ್ನ ಮೇಲೆ ನೀರಿಡುತ್ತಿದ್ದಾರೆಂದು ಒಬ್ಬ ರೈಲ್ವೆ ಇಂಜಿನಿಯರಿಗೆ ತಿಳಿಯದೆ ಇರುತ್ತದೆಯೇ? ಬೆಂಕಿಗೂಡಿಗೆ ಆನಿಸಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಪಾದ ಒದ್ದೆಯಾಗಿದ್ದು ಅದಕ್ಕೆ ಕಾರಣವಲ್ಲ.

"ಒಬ್ಬ ಮನುಷ್ಯನ್ನ ಸುಡೋಕೆ ಬಾಯ್ಲರಿನಲ್ಲಿ ನೀರ್ಯಾಕೆ ಬೇಕು?" ಎಂದರು ಅತ್ತಿಗೆ. "ಹೆದರಿಸೋಕೂ ಬೇಕಿಲ್ಲ. ತಂತಿ ಸುತ್ತಿ, ಕಟ್ಟಿಗೆ ಎಸೆದ್ರೆ ಸಾಕಿತ್ತು. ನಿನ್ನೆ ಮಧ್ಯಾಹ್ನ ಎಲ್ಲರೂ ಗೇಟಿನ ಹತ್ರ ಕ್ರೇನು ಹೊಸ ಬೋಗಿ ಇಳಿಸೋದನ್ನ ನೋಡ್ತಾ ನಿಂತಿದ್ರು. ಯಾರು ಯಾವಾಗ ವಾಪಸು ಬರ್ತಾರೋ ಗೊತ್ತಿಲ್ಲ. ಅಂಥಾದ್ರಲ್ಲಿ ಬಾಯ್ಲರು ತುಂಬೋವರೆಗೂ ಇಲ್ಲಿ ಕಾದು ನಿಂತಿದಾರೆ. ಆಮೇಲೇ ಕಟ್ಟಿಗೆಗೆ ಕೈ ಹಾಕಿದಾರೆ. ಯಾಕೆ ಹೇಳು?"

"ಒಣ ಬಾಯ್ಲರಿಗೆ ಉರಿ ಒಡ್ಡಬಾರದಲ್ಲ. ಇಂಜಿನ್ನಿನವರಿಗೆ ಅದು ಮೊದಲ ಪಾಠ."

"ಅಂದ್ರೆ ಇಂಜಿನ್ನಿನ ಜನ."

"ಹಾಗಾದ್ರೆ ಮೇಸ್ತ್ರಿ," ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಮೇಸ್ತ್ರಿಯೇ ಮೆಟ್ಟಿಲ ಬಳಿ ಪ್ರತ್ಯಕ್ಷರಾದರು.

ಮೇಸ್ತ್ರಿ ಬಾಯ್ಲರು ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡವರು. ಮ್ಯೂಸಿಯಮ್ಮಿನ ಇಂಜಿನ್ನುಗಳ ದುರಸ್ತಿಯೆಲ್ಲ ಅವರದೇ. ಹಳಿಯ ಮೇಲಿರುವ ಎಲ್ಲವನ್ನೂ ಎಲ್ಲರನ್ನೂ ಹಳಿಯುವುದು ಅವರ ಧರ್ಮ. ಸಾಹೇಬರ ಹೆಸರೆತ್ತಿದರೆ ಮಾತ್ರ ನೆಲ ನೋಡಿ ಸುಮ್ಮನಾಗುತ್ತಿದ್ದರು.

"ಯಾರ್ರಿ ಅದು ನೀರು ಸುರಿಸ್ತಿರೋದು? ನೆಲಕ್ಕೆ ನಿನ್ನೆ ತಾನೇ ಬಣ್ಣ ಹೊಡ್ಸಿದೀನಿ."

"ಮೇಸ್ತ್ರಿ, ತಣ್ಣಗಿರೋ ಇಂಜಿನ್ನಿಗೆ ಬೆಂಕಿ ಹಾಕೋ ಮುಂಚೆ ನೀವು ಎಷ್ಟು ನೀರು ತುಂಬ್ತೀರಿ?"

"ಇದೇನು ಪರೀಕ್ಷೇನಾ? ಅರ್ಧ ಗಾಜು. ಕಾದ್ರೆ ನೀರು ಉಬ್ಬುತ್ತೆ, ಜಾಗ ಬೇಡ್ವಾ? ಪೂರ್ತಿ ತುಂಬಿದ್ರೆ ಉಗಿ ಬದಲು ನೀರೇ ನುಗ್ಗಿ ಇಂಜಿನ್ನು ಹಾಳಾಗುತ್ತೆ. ಯಾವ ಕತ್ತೇನೂ ಹಾಗೆ ತುಂಬಲ್ಲ."

ಅತ್ತಿಗೆ ಮತ್ತೆ ನಲ್ಲಿ ತಿರುಗಿಸಿದರು. ಮೇಸ್ತ್ರಿ ನೀರನ್ನು ನೋಡಿದರು. ಗಾಜನ್ನು ನೋಡಿದರು. 

"ಇಷ್ಟೊಂದು…" ಎಂದವರು ನಿಲ್ಲಿಸಿಬಿಟ್ಟರು. "ನಂಗೆ ಕೆಲ್ಸ ಇದೆ."

ಅವರು ಹೋದ ರೀತಿ ನೋಡಿದರೆ ಕೆಲಸ ಅವರನ್ನು ಅಟ್ಟಿಸಿಕೊಂಡು ಬಂದಂತಿತ್ತು.

"ಅವರಿಗೆ ಯಾರೋ ನೆನಪಾದ್ರು," ಎಂದೆ.

"ಹೂಂ. ಕೆಲಸ ಕಲಿತವರು ಅರ್ಧಕ್ಕೆ ನಿಲ್ಲಿಸ್ತಾರೆ ಗಿಳಿರಾಯ. ಹೆದರಿದವರು ಕಂಠದ ತನಕ ತುಂಬ್ತಾರೆ. ಇದನ್ನ ತುಂಬಿದವರು ಬಾಯ್ಲರಿನ ಕೆಲಸ ಕಲಿತಿಲ್ಲ. ನೀರು ಕಮ್ಮಿಯಾದ್ರೆ ಏನಾಗುತ್ತೆ ಅನ್ನೋ ಭಯ ಮಾತ್ರ ಕಲಿತಿದಾರೆ." ಅತ್ತಿಗೆ ಬೆಂಕಿಗೂಡಿನ ಬಾಗಿಲನ್ನು ಬೆರಳಿನಿಂದ ತಟ್ಟಿದರು. "ಇದೇ ಗೂಡಿನ ಚಾವಣಿ ಹಿಂದೆ ಒಮ್ಮೆ ಕುಸಿದಿತ್ತು, ಗೊತ್ತಾ? ಓಡ್ತಾ ಇದ್ದಾಗ. ಕುದಿಯೋ ನೀರು, ಉಗಿ, ಕೆಂಡ ಎಲ್ಲಾ ಹೊರಗೆ ನುಗ್ಗಿ ಡ್ರೈವರು ಇಲ್ಲೇ, ನೀನು ನಿಂತಿರೋ ಜಾಗದಲ್ಲೇ, ಸತ್ತ."

ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.

"ಚಾವಣಿ ಮೇಲೆ ಸದಾ ನೀರಿರಬೇಕು. ಇಲ್ದಿದ್ರೆ ತಗಡು ಕೆಂಪಗೆ ಕಾದು ಮೆತ್ತಗಾಗಿ ಕುಸಿಯುತ್ತೆ. ಡ್ರೈವರು ನೀರು ನೋಡ್ಕೊಳ್ಳಲಿಲ್ಲ, ತಪ್ಪು ಅವನದೇ ಅಂತ ವಿಚಾರಣೇಲಿ ತೀರ್ಪಾಯ್ತು. ಸತ್ತವನ ಮುಖಕ್ಕೆ ಮಸಿ ಬಳಿದು ಕಡತ ಮುಚ್ಚಿದ್ರು. ವಿಚಾರಣೆ ಮಾಡಿದವರು ಯಾರು ಹೇಳು ನೋಡೋಣ."

ನಾನು ಮೂಗಿನ ಹೊಳ್ಳೆ ಮುಚ್ಚಿಕೊಂಡೆ. "ಅರ್ಥ ಆಯ್ತಾ."

"ಅರ್ಥ ಆಯ್ತು. ನಡಿ, ಕ್ಯುರೇಟರಮ್ಮನ ಹತ್ರ ಹೋಗೋಣ. ದೊಡ್ಡಣ್ಣನ ಪಕ್ಕ ಮಾತ್ರ ಇನ್ನೂ ವಿವರದ ಹಲಗೆ ಯಾಕೆ ತೂಗುಹಾಕಿಲ್ಲ ಅಂತ ಕೇಳ್ಬೇಕು."

*

ಮ್ಯೂಸಿಯಮ್ಮಿನ ವಸ್ತುಗಳ ಉಸ್ತುವಾರಿ ಹೊತ್ತ ಕ್ಯುರೇಟರಮ್ಮನ ಕೋಣೆ ಹಿಂದೆ ದೀಪಗಳಿಗೆ ಎಣ್ಣೆ ಹಾಕುವ ಕೋಣೆಯಾಗಿತ್ತು. ಎಷ್ಟು ಸುಣ್ಣ ಹೊಡೆದರೂ ಗೋಡೆ ಸೀಮೆಎಣ್ಣೆಯ ವಾಸನೆ ಬಿಟ್ಟುಕೊಟ್ಟಿರಲಿಲ್ಲ. ಕಪಾಟಿನ ತುಂಬ ಕೈದೀಪಗಳು, ಗಾರ್ಡಿನ ಬಾವುಟಗಳು, ಹೆಸರಿನ ಹಿತ್ತಾಳೆ ಫಲಕಗಳು, ಒಂದೊಂದಕ್ಕೂ ದಾರ ಕಟ್ಟಿದ ಚೀಟಿ. ಇಂಜಿನ್ನಿನ ಮೈಯಿಂದ ಪದರಪದರವಾಗಿ ಬಣ್ಣ ಕೆರೆದು, ಅತಿ ಕೆಳಗಿನ ಮೊದಲ ಬಣ್ಣ ಹುಡುಕುವುದರಲ್ಲಿ ಆಕೆ ನಿಸ್ಸೀಮಳು. ವಯಸ್ಸು ನಲವತ್ತರ ಆಸುಪಾಸು. ಮೆಲುಮಾತು. ಮೂರು ವರ್ಷಗಳಲ್ಲಿ ಆಕೆ ದನಿ ಏರಿಸಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಸುಬಿಗೆ ಅದೊಂದು ನಷ್ಟ, ಆಕೆಯ ಅನುಕರಣೆ ಮಾಡಲು ಹಿಡಿತವೇ ಸಿಗುತ್ತಿರಲಿಲ್ಲ.

"ಕೂತ್ಕೊಳ್ಳಿ ಮೇಡಂ. ಮುಖಕ್ಕೆ ಮಸಿ ಆಗಿದೆ."

"ನನ್ನದು ತೊಳೆದ್ರೆ ಹೋಗುತ್ತೆ," ಎಂದರು ಅತ್ತಿಗೆ.

ಕ್ಯುರೇಟರಮ್ಮ ಹೂಜಿಯಿಂದ ಎರಡು ಲೋಟಗಳಿಗೆ ನೀರು ಬಗ್ಗಿಸಿದಳು. ನಮ್ಮ ಮುಂದಿಟ್ಟಳು. ನಾನು ಎತ್ತಿದೆ, ಲೋಟದ ಅಂಚು ಮೀರಿ ನೀರು ಚೆಲ್ಲಿ ಪ್ಯಾಂಟಿನ ಮೇಲೆ ಹರಿಯಿತು. ಆ ದಿನ ಜಲದೇವತೆಗೆ ನನ್ನ ಮೇಲೇ ಕಣ್ಣು.

"ಅಯ್ಯೋ, ಸಾರಿ. ನಂಗೆ ಅಳತೆ ಗೊತ್ತಾಗಲ್ಲ," ಎಂದಳು.

ಅತ್ತಿಗೆ ಲೋಟ ಮುಟ್ಟಲಿಲ್ಲ. ಅಂಚಿಗಿಂತ ಕೂದಲೆಳೆ ಮೇಲೆ ಉಬ್ಬಿ ನಿಂತಿದ್ದ ನೀರನ್ನೇ ನೋಡುತ್ತಿದ್ದರು. ಆಮೇಲೆ ಅವರ ಕಣ್ಣು ಹೂಜಿಗೆ ಹೋಯಿತು. ನಮಗೆ ಬಗ್ಗಿಸಿದ ಕೂಡಲೇ ಆಕೆ ಅದನ್ನು ಮೂಲೆಯ ನಲ್ಲಿಯ ಕೆಳಗಿಟ್ಟು ಮತ್ತೆ ತುಂಬಿಸುತ್ತಿದ್ದಳು. ಬೆನ್ನು ನಮ್ಮ ಕಡೆಗಿತ್ತು. ತುಂಬಿ ಹೊರಚೆಲ್ಲಿದ ಮೇಲೆಯೇ ನಲ್ಲಿ ನಿಲ್ಲಿಸಿದಳು.

"ಮನೇಲೂ ಹೀಗೇನಾ?" ಅತ್ತಿಗೆ ಕೇಳಿದರು.

"ಏನು?"

"ಪಾತ್ರೆಗಳು. ಯಾವಾಗಲೂ ತುಂಬೇ ಇರ್ಬೇಕಾ?"

ಕ್ಯುರೇಟರಮ್ಮ ಹೂಜಿ ಹಿಡಿದು ನಿಂತಳು. ಹೊರಗೆ ಯಾರೋ ಗುಂಡಿ ಒತ್ತಿದರು. ಪುಟ್ಟ ಇಂಜಿನ್ನಿನಿಂದ ನನ್ನ ದನಿಯಲ್ಲೇ ಒಂದು ಕೀರಲು ಸೀಟಿ ಬಂತು. ನನಗೆ ನಾಚಿಕೆಯಾಯಿತು.

"ಅಮ್ಮ ಹಾಗಿದ್ರು," ಎಂದಳು ಕೊನೆಗೆ. "ಕೊಡ ಅರ್ಧ ಆಗಿದ್ರೆ ಮಲಗ್ತಾನೇ ಇರ್ಲಿಲ್ಲ. ಎದ್ದು ಹೋಗಿ ತುಂಬಿಸಿ ಬರೋರು. ಚೊಂಬು, ಹಂಡೆ, ಬಕೆಟ್ಟು ಎಲ್ಲಾ. ನೀರು ಕಮ್ಮಿ ಮಾಡ್ದೋನ ಹೆಂಡ್ತಿ ಅಂತ ಎದುರಿಗೇ ಅಂದಿದ್ರು ಜನ. ನೀರಿಲ್ದೆ ಗಂಡನ್ನ ಬೇಯಿಸ್ಕೊಂಡೋಳು ಅಂತ."

"ದೊಡ್ಡಣ್ಣನ ಡ್ರೈವರು ನಿಮ್ಮಪ್ಪ."

"ಹೂಂ."

"ಸಾಹೇಬರಿಗೆ ಗೊತ್ತಿತ್ತಾ?"

"ನಿನ್ನೆವರೆಗೂ ಇಲ್ಲ. ನಿನ್ನೆ ಬಾಗಿಲಿಗೆ ತಂತಿ ಸುತ್ತೋ ಮುಂಚೆ ಅಪ್ಪನ ಹೆಸರು ಹೇಳಿದೆ. ಅವರು ಒಳಗಿಳಿದ ಮೇಲೆ ನಾನಾಡಿದ್ದು ಅದೊಂದೇ ಮಾತು. ಆಮೇಲೆ ಬಾಯಿ ಬಿಡ್ಲಿಲ್ಲ."

ಸಾಹೇಬರು ಆ ಮಾತನ್ನು ನಮ್ಮಿಂದ ಮುಚ್ಚಿಟ್ಟಿದ್ದರು. ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಆದರೂ 'ನೋಡಿದೆಯಾ' ಎಂದದ್ದು ನನಗೆ ಕೇಳಿಸಿತು.

"ಅವರು ಆ ಗೂಡಿಗೆ ಇಳಿದಿದ್ದಾದ್ರೂ ಹೇಗೆ?"

"ಚಾವಣಿ ತಗಡಿನ ಮೇಲೆ ನಿಮ್ಮ ಹೆಸರಿನ ಮೊದಲಕ್ಷರ ಕೆತ್ತಿದೆ ಸಾರ್, ರಿಪೇರಿ ಮಾಡ್ಸಿದವರು ನೀವೇ ಅಂತ ಅಂದೆ." ಮೆಲುದನಿಯಲ್ಲಿ ಸಣ್ಣ ನಗು ಸೇರಿತು. "ಕೋಟು ಬಿಚ್ಚಿ ಕೊಟ್ಟು ಇಳಿದ್ರು. ಹೆಸರು ಅಂದ್ರೆ ಎಲ್ಲಿಗೆ ಬೇಕಾದ್ರೂ ಇಳೀತಾರೆ."

"ಮತ್ತೆ ನೀರು?"

ಈ ಸಲ ಆಕೆ ತಡಮಾಡಿದಳು. "ಬೇಕಿರ್ಲಿಲ್ಲ. ನಂಗೂ ಗೊತ್ತು. ಕಟ್ಟಿಗೆ ಎತ್ತಿದೆ ಮೇಡಂ, ಕೈ ಮುಂದೆ ಹೋಗ್ಲಿಲ್ಲ. ಅಪ್ಪನ ಇಂಜಿನ್ನು. ನೀರಿಲ್ದೆ ಅದಕ್ಕೆ ಬೆಂಕಿ ಒಡ್ಡಿದ್ರೆ ಅವರು ಹೇಳಿದ್ದೇ ನಿಜ ಆದಂಗೆ. ಪೈಪು ಹಾಕಿ ತುಂಬಿಸಿದೆ. ಗಾಜಿನಲ್ಲಿ ಗೆರೆ ಮರೆಯಾಗೋ ತನಕ ಸಮಾಧಾನ ಆಗ್ಲಿಲ್ಲ."

"ಹಚ್ಚೋ ಉದ್ದೇಶ ಇತ್ತಾ?"

"ಇಲ್ಲ. ಹಚ್ತಾಳೆ ಅಂತ ಅವರಿಗನ್ನಿಸಬೇಕಿತ್ತು." ಆಕೆ ಕುರ್ಚಿ ಎಳೆದು ನಮ್ಮೆದುರು ಕೂತಳು. "ಅಪ್ಪನ ಕೈ ನೀರಿನ ನಲ್ಲಿ ಮೇಲೇ ಇತ್ತಂತೆ, ಸತ್ತಾಗ. ನೀರು ಬಿಡ್ತಾನೇ ಇದ್ದ ಮನುಷ್ಯ. ಚಾವಣಿನ ಎತ್ತಿ ಹಿಡಿಯೋ ಬೋಲ್ಟುಗಳು ಒಳಗೊಳಗೇ ಮುರಿದಿದ್ವು. ನೀರು ಎಷ್ಟಿದ್ರೂ ಅದು ಕುಸೀತಿತ್ತು. ಆ ಬಾಯ್ಲರಿಗೆ ಸರಿ ಇದೆ ಅಂತ ಸಹಿ ಹಾಕಿದವರು ಸಾಹೇಬರು. ವಿಚಾರಣೆ ಮಾಡಿದವರೂ ಸಾಹೇಬರು. ಸತ್ತವರು ಸಹಿ ಹಾಕಲ್ಲ, ಎದುರು ಮಾತೂ ಆಡಲ್ಲ. ಆ ತೀರ್ಪನ್ನ ಹಲಗೆ ಮೇಲೆ ಬರೆಯೋಕೆ ನಂಗೆ ಕೈ ಬರ್ಲಿಲ್ಲ."

"ಕೋರ್ಟಿಗೆ ಹೋಗ್ಬಹುದಿತ್ತು."

"ಹೋಗಿದ್ವಿ. ರೈಲ್ವೆ ಒಳಗಿನ ವಿಚಾರಣೆ, ಇಲ್ಲಿ ಕೇಳೋ ಹಾಗಿಲ್ಲ ಅಂದ್ರು." ಆಕೆ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು. "ಈಗ ಕೇಳ್ತಾರೆ. ನನ್ನನ್ನ ಹಿಡಿಸಿ ಮೇಡಂ. ಕೊಲೆ ಯತ್ನ ಅಂತ ಕೇಸು ಹಾಕ್ಸಿ. ಕಟಕಟೇಲಿ ನಿಲ್ಲಿಸಿ ಯಾಕಮ್ಮ ಹೀಗ್ಮಾಡ್ದೆ ಅಂತ ಕೇಳ್ಬೇಕಲ್ಲ? ಆವತ್ತು ಪೇಪರಿನವರ ಮುಂದೆ, ಅವರ ಮುಂದೆ, ಒಂದೊಂದು ಬೋಲ್ಟಿನ ಲೆಕ್ಕಾನೂ ಹೇಳ್ತೀನಿ. ಅಪ್ಪನ ಮುಖದ ಮಸಿನ ಅವರ ಮುಖಕ್ಕೇ ಒರೆಸ್ತೀನಿ."

ಆಗ ಅರ್ಥವಾಯಿತು. ಆಕೆ ಸಾಹೇಬರನ್ನು ಕೂಡಿಹಾಕಿದ್ದು ತಾನು ಸಿಕ್ಕಿಬೀಳಲೆಂದು. ರೈಲಿನವನ ಮಗಳು ಕಂಬಿ ಎಣಿಸಲು ಸಿದ್ಧಳಾಗಿ ಕೂತಿದ್ದಳು. ಸಾಹೇಬರಿಗೂ ಇದು ಹೊಳೆದಿತ್ತು. ಅದಕ್ಕೇ 'ಬಾಗಿಲು ತಾನಾಗೇ ಬಿತ್ತು'. ದೂರಿಲ್ಲದಿದ್ದರೆ ಕೇಸಿಲ್ಲ, ಕೇಸಿಲ್ಲದಿದ್ದರೆ ಕಟಕಟೆಯಿಲ್ಲ.

ಅತ್ತಿಗೆ ಆ ಚಾಚಿದ ಕೈಗಳನ್ನು ನೋಡಿದರು. ಅವರಿಗೆ ಏನು ಹೇಳುವುದಿತ್ತೋ, ಅಷ್ಟರಲ್ಲಿ ಹೊರಗೆ ಜೀಪು ಬಂದು ನಿಂತಿತು.

*

ಇನ್ಸ್‌ಪೆಕ್ಟರ್ ತಿರುಗುತಟ್ಟೆಯ ಪಕ್ಕ ನಿಂತಿದ್ದರು. ಇಂಜಿನ್ನನ್ನೇ ಎತ್ತಿಕೊಂಡು ಸುತ್ತು ತಿರುಗುವ ಆ ದೊಡ್ಡ ಕಬ್ಬಿಣದ ತಟ್ಟೆಯನ್ನು ಕಂಡವರೆಲ್ಲ ಒಮ್ಮೆ ಕಾಲಿನಿಂದ ತಳ್ಳಿ ನೋಡುತ್ತಾರೆ. ಅವರೂ ತಳ್ಳುತ್ತಿದ್ದರು. ಜೊತೆಗೆ ಸಾಹೇಬರ ಅಳಿಯ. ಇವರು ವಕೀಲರು, ಕೆಮ್ಮಿದರೂ ಅದು ಅರ್ಜಿಯಂತೆ ಕೇಳಿಸುತ್ತದೆ.

"ಮಾವನವರು ಈಗ ಪೂರ್ತಿ ಚೇತರಿಸಿಕೊಂಡಿದ್ದಾರೆ," ಎಂದರು ಅಳಿಯ. "ಅವರಿಗೆ ಎಲ್ಲವೂ ಸ್ಪಷ್ಟವಾಗಿ ನೆನಪಾಗಿದೆ. ತಮ್ಮನ್ನು ಕೂಡಿಹಾಕಿದವರು ಯಾರು ಎಂಬುದೂ ಸಹ."

ಕ್ಯುರೇಟರಮ್ಮ ನನ್ನ ಪಕ್ಕದಲ್ಲಿ ನೆಟ್ಟಗೆ ನಿಂತಳು. ಮದುವೆ ಮಂಟಪಕ್ಕೆ ಹೊರಟವಳ ಮುಖದಲ್ಲಿ ಅಂಥ ಕಳೆ ನೋಡಿದ್ದೆ.

"ಮೇಸ್ತ್ರಿ," ಎಂದರು ಇನ್ಸ್‌ಪೆಕ್ಟರ್. "ಬರ್ತೀರಾ ಸ್ಟೇಷನ್‌ಗೆ?"

ಮೇಸ್ತ್ರಿ ಕೈಯಲ್ಲಿದ್ದ ಅರಿವೆಗೆ ಬೆರಳು ಒರೆಸುತ್ತಿದ್ದರು. ಒಂದು ಸಲ ದೊಡ್ಡಣ್ಣನನ್ನು ನೋಡಿದರು, ಒಂದು ಸಲ ಕ್ಯುರೇಟರಮ್ಮನನ್ನು. "ಹೌದು ಸಾರ್. ನಾನೇ ಮಾಡಿದ್ದು."

"ಅವರಲ್ಲ," ಎಂದಳು ಕ್ಯುರೇಟರಮ್ಮ. "ನಾನು."

"ಅಮ್ಮ, ಒಂದು ಬಾಗಿಲಿಗೆ ತಂತಿ ಸುತ್ತೋಕೆ ಎಷ್ಟು ಜನ ಬೇಕು?" ಇನ್ಸ್‌ಪೆಕ್ಟರಿಗೆ ಇದು ಹೊಸ ಅನುಭವ. ಅವರ ಕಾಲ ಕೆಳಗೆ ತಟ್ಟೆ ಕಿರುಗುಟ್ಟುತ್ತ ಅರ್ಧ ಗೇಣು ತಿರುಗಿತು.

"ಅದು ನಂದು ಮೇಸ್ತ್ರಿ," ಆಕೆ ಹಲ್ಲು ಕಚ್ಚಿ ಹೇಳಿದಳು. ಮೂರು ವರ್ಷಗಳಲ್ಲಿ ಮೊದಲ ಸಲ ಆ ದನಿಯಲ್ಲಿ ಹಿಡಿತ ಸಿಗುವಂಥ ಒಂದು ಅಂಚು ಕಂಡಿತು. "ನಾನು ಹುಟ್ಟಿದಾಗಿಂದ ಕಾದಿರೋದು ಇದಕ್ಕೆ. ಇದನ್ನ ನೀವ್ಯಾಕೆ ಕದೀತೀರಿ? ಯಾವ ಕರುಣೆ ಇದು?"

"ಕರುಣೆ ಅಲ್ಲಮ್ಮ." ಮೇಸ್ತ್ರಿ ಅರಿವೆಯನ್ನು ಮಡಚಿದರು, ಇನ್ನೊಮ್ಮೆ ಮಡಚಿದರು. "ನಿಮ್ಮಮ್ಮ ಕೊಡ ಹೀಗೇ ತುಂಬೋರು, ನೀವು ಲೋಟಾನೂ ಹೀಗೇ ತುಂಬ್ತೀರಿ. ಅಷ್ಟು ನೀರು ನೋಡಿದಾಗಲೇ ನೀವ್ಯಾರ ಮಗಳು ಅಂತ ಗೊತ್ತಾಯ್ತು. ಸಾಹೇಬರು ನನ್ನ ಹೆಸರು ಬರೆಸಿರೋದು ಸುಮ್ಮನೆ ಅಲ್ಲ. ಅವರಿಗೆ ನಾನು ಬಾಯಿ ಬಿಡಲ್ಲ ಅನ್ನೋ ಧೈರ್ಯ ಇದೆ, ನನ್ನ ಮೇಲೆ ಹಳೇ ಸಿಟ್ಟೂ ಇದೆ. ಇರ್ಬೇಕಾದ್ದೇ."

"ಏನು ಹೇಳ್ತಿದೀರಿ?"

"ಒಬ್ಬರು ಗೂಡೊಳಗೆ ಇಳಿದು ಚಾವಣಿ ಬೋಲ್ಟುಗಳನ್ನ ಒಂದೊಂದಾಗಿ ಸುತ್ತಿಗೇಲಿ ತಟ್ಟಬೇಕು. ಗಟ್ಟಿ ಇದ್ರೆ ಠಣ್ ಅನ್ನುತ್ತೆ, ಮುರಿದಿದ್ರೆ ಠಪ್ ಅನ್ನುತ್ತೆ. ತಟ್ಟಿದವನು ಸರಿ ಇದೆ ಅಂದ್ರೆ ಸಾಹೇಬರು ಸಹಿ ಹಾಕ್ತಾರೆ. ಅದೇ ಪದ್ಧತಿ." ಅವರು ಅರಿವೆಯನ್ನು ಹೆಗಲಿಗೆ ಹಾಕಿಕೊಂಡರು. "ಆವತ್ತು ಗೂಡು ಇನ್ನೂ ಸುಡ್ತಿತ್ತು. ನಾನು ಇಳೀಲೇ ಇಲ್ಲಮ್ಮ. ಹೊರಗೆ ನಿಂತು ಬಾಗಿಲ ಚೌಕಟ್ಟಿಗೆ ಠಣ್ ಠಣ್ ಅಂತ ಬಾರಿಸ್ದೆ. ಸಾಹೇಬರು ಆಚೆ ನಿಂತು ಕೇಳಿಸ್ಕೊಂಡ್ರು. ಎಲ್ಲಾ ಸರಿ ಇದೆ ಸಾರ್ ಅಂದೆ. ಸಹಿ ಹಾಕಿದ್ರು."

ನಾನು ಬದುಕಿಡೀ ಸುಳ್ಳು ಸದ್ದು ಮಾಡಿಕೊಂಡು ಬಂದವನು. ಸುಳ್ಳು ಸದ್ದಿಗೆ ಹೆಣ ಬೀಳುತ್ತದೆಂದು ಆವರೆಗೆ ಗೊತ್ತಿರಲಿಲ್ಲ.

"ಆಮೇಲೆ ಅವರಿಗೆ ಗೊತ್ತಾಯ್ತು. ಹೇಳಿದ್ರೆ ನಂಬಿ ಸಹಿ ಹಾಕಿದವರ ನೌಕರೀನೂ ಹೋಗ್ತಿತ್ತು. ತಪ್ಪನ್ನ ನಿಮ್ಮಪ್ಪನ ತಲೆಗೆ ಕಟ್ಟಿದ್ರು, ನಾನು ಸುಮ್ಮನಿದ್ದೆ. ತಪ್ಪು ಬಾಗಿಲಿಗೆ ತಂತಿ ಸುತ್ತಿ ನಿಮ್ಮ ಬದುಕು ಹಾಳು ಮಾಡ್ಕೋಬೇಡಿ. ನಾನು ಹೋಗ್ತೀನಿ. ಮಾಡಿದ್ದಕ್ಕೆ ಆಗದ ಶಿಕ್ಷೆ ಮಾಡದೇ ಇದ್ದಿದ್ದಕ್ಕಾದ್ರೂ ಆಗ್ಲಿ."

 ಮೊದಲು ಚೇತರಿಸಿಕೊಂಡವರು ಅಳಿಯ. ಸ್ಟೇಷನ್ನಿನಲ್ಲಿ ಮೇಸ್ತ್ರಿ ಈ ಕಥೆಯನ್ನು ಮೊದಲಿನಿಂದ ಹೇಳಿದರೆ ಮಾವನ ಸಹಿಯೂ ಅದರೊಳಗೆ ಬರುತ್ತದೆಂಬ ಲೆಕ್ಕ ಅವರ ಮುಖದಲ್ಲಿ ಕಾಣಿಸಿತು.

"ಇನ್ಸ್‌ಪೆಕ್ಟರೇ, ಮಾವನವರಿಗೆ ಇನ್ನೂ ಗೊಂದಲವಿದ್ದ ಹಾಗಿದೆ," ಎಂದು ಹೇಳಿಕೆಯ ಹಾಳೆಯನ್ನು ಅವರ ಕೈಯಿಂದ ನಯವಾಗಿ ಎಳೆದುಕೊಂಡು ಹರಿದರು. "ನಮ್ಮದು ಯಾವ ದೂರೂ ಇಲ್ಲ."

"ಹಾಗಾದ್ರೆ ನೀವಮ್ಮ?" ಇನ್ಸ್‌ಪೆಕ್ಟರ್ ಕ್ಯುರೇಟರಮ್ಮನನ್ನು ಕೇಳಿದರು. "ನಾನು ನಾನು ಅಂತಿದ್ರಲ್ಲ."

ಆಕೆ ಮೇಸ್ತ್ರಿಯನ್ನು ನೋಡುತ್ತಿದ್ದಳು. ರೆಪ್ಪೆ ಬಡಿಯದೆ, ಬಣ್ಣದ ಪದರಗಳ ಅಡಿಯಲ್ಲಿ ಕೊನೆಗೂ ಮೊದಲ ಬಣ್ಣ ಸಿಕ್ಕಿತೆಂಬಂತೆ. ಉತ್ತರ ಬಂದಾಗ ದನಿ ಮತ್ತೆ ಮೆತ್ತಗಾಗಿತ್ತು.

"ನಾನೂ ಏನೂ ಮಾಡಿಲ್ಲ ಸಾರ್. ಅವರ ಮೇಲೆ ಅಪವಾದ ಬಂತಲ್ಲ ಅಂತ ಆವೇಶದಲ್ಲಿ ಅಂದೆ. ಮೇಸ್ತ್ರಿನೂ ಮಾಡಿಲ್ಲ. ನಿನ್ನೆ ಅವರು ಗೇಟಿನ ಹತ್ರಾನೇ ಇದ್ರು, ಎಲ್ಲರೂ ನೋಡಿದಾರೆ. ದಯವಿಟ್ಟು ಬಿಟ್ಟುಬಿಡಿ. ಉದ್ಘಾಟನೆ ಹತ್ರ ಬಂತು, ಇಂಜಿನ್ನಿನ ಕೆಲಸ ಬಾಕಿ ಇದೆ. ನಂಗೆ ಮೇಸ್ತ್ರಿ ಬೇಕು."

ಅತ್ತಿಗೆಯ ಉಗುರು ನನ್ನ ಮುಂಗೈಗೆ ನೆಟ್ಟಿತು. "ಇನ್ಸ್‌ಪೆಕ್ಟರೇ, ಮೇಸ್ತ್ರಿನ ಕರ್ಕೊಂಡು ಹೋಗಿ," ಎಂದರು. "ಯಾವುದಾದ್ರೂ ನೆಪ ಮಾಡ್ಕೊಳ್ಳಿ. ಇವತ್ತೊಂದು ದಿನ."

"ದೂರಿಲ್ಲ, ಆರೋಪಿ ಇಲ್ಲ, ಅಪರಾಧಾನೇ ಇಲ್ಲ ಅಂತಿದಾರೆ. ಯಾವ ನೆಪದಲ್ಲಿ ಮೇಡಂ?" ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಇಂಥ ಸುಲಭದ ಕೇಸು ಅವರಿಗೆ ಎಂದೂ ಸಿಕ್ಕಿರಲಿಕ್ಕಿಲ್ಲ.

ಮೇಸ್ತ್ರಿ ಆಕೆಯ ಮುಖದಿಂದ ಕಣ್ಣು ಕಿತ್ತುಕೊಂಡು ಜೀಪಿನತ್ತ ಓಡಿದರು. ಬಾಗಿಲ ಸರಳನ್ನು ಎರಡೂ ಕೈಯಲ್ಲಿ ಹಿಡಿದರು. "ಸಾರ್, ನಾನೇ ಮಾಡಿದ್ದು. ಒಪ್ಕೊಂಡಿದೀನಲ್ಲ. ನನ್ನನ್ನ ಕರ್ಕೊಂಡು ಹೋಗಿ ಸಾರ್."

"ಬಿಡ್ರಿ ಮೇಸ್ತ್ರಿ. ವಯಸ್ಸಾಗಿದೆ, ಮನೆಗೆ ಹೋಗಿ ಮಲಗಿ."

ಜೀಪು ಹೊರಟಿತು. ಮೇಸ್ತ್ರಿಯ ಕೈಗಳು ಗಾಳಿಯಲ್ಲಿ ಹಾಗೇ ಉಳಿದವು. ಕ್ಯುರೇಟರಮ್ಮ ಅವರ ಬಳಿ ಹೋದಳು, ಮುದಿ ತಂದೆಯನ್ನು ರಸ್ತೆ ದಾಟಿಸುವ ಮಗಳ ಹಾಗೆ ಅವರ ತೋಳು ಹಿಡಿದಳು, ಮೃದುವಾಗಿ ಶೆಡ್ಡಿನ ಕಡೆ ತಿರುಗಿಸಿದಳು.

"ಬನ್ನಿ ಮೇಸ್ತ್ರಿ," ಎಂದಳು. "ಆವತ್ತು ಗೂಡಿಗೆ ಇಳೀದೇ ಬಿಟ್ಟ ಕೆಲಸ ಇದೆಯಲ್ಲ."